ಮೈ ಕಲಿತ ಕಾವಲು: ಆಘಾತ ಮತ್ತು ಭಾವನೆಗಳ ಹತೋಟಿ

ಸಲಹಾರ್ಥಿಗಳಿಗೆ ತಿಳಿಹೇಳುವ ಆಪ್ತಸಮಾಲೋಚಕರಿಗೆ, ತಿಳಿಯಬಯಸುವ ಎಲ್ಲರಿಗೆ ಒಂದು ಕೈಪಿಡಿ

‘ಸಣ್ಣ ಮಾತಿಗೂ ರೇಗಿಬಿಡ್ತೀನಿ, ಆಮೇಲೆ ನನಗೇ ನಾಚಿಕೆಯಾಗುತ್ತೆ.’ ‘ಅಪ್ಪ ತೀರಿಕೊಂಡಾಗಲೂ ಕಣ್ಣೀರು ಬರಲಿಲ್ಲ. ನಾನೇನು ಕಲ್ಲಾ?’ ಆಪ್ತಸಮಾಲೋಚಕರ ಎದುರು ಕುಳಿತವರ ಬಾಯಲ್ಲಿ ಇಂಥ ಮಾತು ಮತ್ತೆ ಮತ್ತೆ ಬರುತ್ತದೆ. ಮೇಲ್ನೋಟಕ್ಕೆ ಒಬ್ಬರದು ಅತಿ ಭಾವ, ಇನ್ನೊಬ್ಬರದು ಭಾವಶೂನ್ಯತೆ. ಆದರೆ ಇಬ್ಬರೂ ಬರುವ ಮೊದಲೇ ತಮ್ಮ ಮೇಲೆ ತೀರ್ಪು ಕೊಟ್ಟುಕೊಂಡಿರುತ್ತಾರೆ: ದೋಷ ತಮ್ಮ ಸ್ವಭಾವದ್ದೇ ಎಂದು. ಮನೆಯವರು ‘ಮೊದಲಿನಿಂದಲೂ ಮುಂಗೋಪಿ’, ‘ಕಲ್ಲು ಮನಸ್ಸು’ ಎಂದು ಆ ತೀರ್ಪಿಗೆ ಮುದ್ರೆ ಒತ್ತಿರುತ್ತಾರೆ.

ಹಿಂದೆ ದೊಡ್ಡ ಆಘಾತ ಅನುಭವಿಸಿದವರಲ್ಲಿ ಈ ರೇಗಾಟವೂ ಈ ಮರಗಟ್ಟುವಿಕೆಯೂ ಬಹಳ ಸಲ ಒಂದೇ ಮೂಲದವು. ಒಂದು ಕಾಲದಲ್ಲಿ ಜೀವ ಉಳಿಸಿಕೊಳ್ಳಲು ಮೈ ಕಲಿತ ಕಾವಲು, ಅಪಾಯ ಕಳೆದ ಮೇಲೂ ಮುಂದುವರಿದಿರುತ್ತದೆ. ಇದನ್ನು ಸಲಹಾರ್ಥಿಗೆ ಸರಿಯಾಗಿ ತಿಳಿಸುವುದು ಚಿಕಿತ್ಸೆಗೆ ಮುನ್ನುಡಿಯಷ್ಟೇ ಎಂದುಕೊಳ್ಳಬಾರದು; ಅದೇ ಚಿಕಿತ್ಸೆಯ ಮೊದಲ ಭಾಗ. ತನಗೇನಾಗುತ್ತಿದೆ ಎಂದು ಗೊತ್ತಿಲ್ಲದವರು ಅದನ್ನು ಹತೋಟಿಗೆ ತರುವುದಾದರೂ ಹೇಗೆ?

ಎಲ್ಲ ನೋವೂ ಆಘಾತವಲ್ಲ

ಈಚೆಗೆ ‘ಟ್ರಾಮಾ’ ಎಂಬ ಮಾತು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದಕ್ಕೂ ಬಳಕೆಯಾಗುತ್ತಿದೆ. ಚಿಕಿತ್ಸೆಯಲ್ಲಿ ಅದಕ್ಕೆ ಬಿಗಿಯಾದ ಅರ್ಥವಿದೆ. ಜೀವಕ್ಕೆ ಅಪಾಯ, ತೀವ್ರ ಗಾಯ, ಲೈಂಗಿಕ ಹಿಂಸೆ, ಅಥವಾ ಇಂಥದ್ದನ್ನು ಕಣ್ಣಾರೆ ಕಾಣುವುದು ಅದರ ವ್ಯಾಪ್ತಿಗೆ ಬರುತ್ತವೆ. ಬಾಲ್ಯದಲ್ಲಿ ವರ್ಷಗಟ್ಟಲೆ ನಡೆದ ಹೊಡೆತ, ನಿಂದನೆ, ನಿರ್ಲಕ್ಷ್ಯಗಳೂ ಆಳವಾದ ಗುರುತು ಉಳಿಸುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಆಘಾತಕಾರಿಯಾಗಬಲ್ಲ ಘಟನೆಗೆ ಸಿಕ್ಕಿರುತ್ತಾರೆ. ಅವರಲ್ಲಿ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಕಾಣಿಸಿಕೊಳ್ಳುವುದು 5.6% ಜನರಲ್ಲಿ ಮಾತ್ರ. ಹೆಚ್ಚಿನವರು ತಮ್ಮವರ ಆಸರೆಯಲ್ಲಿ, ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ಘಟನೆ ನಡೆದ ಮೊದಲ ವಾರಗಳಲ್ಲಿ ನಿದ್ದೆಗೆಡುವುದು, ಬೆಚ್ಚಿಬೀಳುವುದು ಸಹಜ. ತಿಂಗಳು ದಾಟಿದರೂ ತಗ್ಗದೆ ಕೆಲಸ, ಸಂಬಂಧಗಳಿಗೆ ಅಡ್ಡಿಯಾಗುತ್ತಿದ್ದರೆ ತಜ್ಞರನ್ನು ಕಾಣಬೇಕು.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಪಿಟಿಎಸ್‌ಡಿಯನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಅದಕ್ಕೊಂದು ಮುಖ್ಯ ಕಾರಣ. ಆದರೆ ದೀರ್ಘಕಾಲದ ಹಿಂಸೆಯಲ್ಲಿ ಬೆಳೆದವರ ಸಂಕಟ ಆ ಚೌಕಟ್ಟಿಗೆ ಪೂರ್ತಿ ಹೊಂದುತ್ತಿರಲಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ‘ಸಂಕೀರ್ಣ ಪಿಟಿಎಸ್‌ಡಿ’ಯನ್ನು ಬೇರೆಯಾಗಿಯೇ ಗುರುತಿಸಿತು. ಭಾವನೆಗಳು ಹತೋಟಿ ತಪ್ಪುವುದು, ತಾನು ನಿಷ್ಪ್ರಯೋಜಕ ಎಂಬ ಗಟ್ಟಿ ನಂಬಿಕೆ, ಸಂಬಂಧಗಳನ್ನು ಉಳಿಸಿಕೊಳ್ಳಲಾಗದಿರುವುದು ಅದರ ಹೆಚ್ಚುವರಿ ಲಕ್ಷಣಗಳು.

ಮಿದುಳಿನಲ್ಲಿ ಆಗುವುದೇನು?

ಮಬ್ಬುಗತ್ತಲಲ್ಲಿ ಹಗ್ಗ ತುಳಿದವರು ಹಾವೆಂದು ಹಾರುತ್ತಾರೆ. ಹಾರಿದ ಮೇಲೆ ಹಗ್ಗವೆಂದು ಗೊತ್ತಾಗುತ್ತದೆ. ಹಾರಾಟ ಮೊದಲು, ತಿಳಿವು ಆಮೇಲೆ. ನರವಿಜ್ಞಾನಿ ಜೋಸೆಫ್ ಲೆಡೂ ಇದಕ್ಕೆ ಕೊಡುವ ವಿವರಣೆ ಎರಡು ದಾರಿಗಳದ್ದು. ಕಂಡದ್ದು, ಕೇಳಿದ್ದು ಒಂದು ಅಡ್ಡದಾರಿಯಿಂದ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಭಾಗಕ್ಕೆ ಥಟ್ಟನೆ ಮುಟ್ಟುತ್ತದೆ. ಇನ್ನೊಂದು ಸುತ್ತುದಾರಿಯಲ್ಲಿ ಮಿದುಳಿನ ಹೊರಪದರವನ್ನು ಹಾದು, ವಿವರವಾಗಿ ಆದರೆ ತಡವಾಗಿ ತಲುಪುತ್ತದೆ. ಅಪಾಯದ ಸುಳಿವು ಸಿಕ್ಕ ಕ್ಷಣವೇ ಅಡ್ರಿನಲಿನ್ ಹರಿಯುತ್ತದೆ, ಎದೆ ಡವಗುಟ್ಟುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ‘ಅದು ಹಗ್ಗ ಕಣೋ’ ಎಂದು ಸಮಾಧಾನಿಸಿದರೆ ಮೈ ಮತ್ತೆ ತಣ್ಣಗಾಗುತ್ತದೆ.

ಆಘಾತಕ್ಕೆ ಸಿಕ್ಕವರಲ್ಲಿ ಈ ವ್ಯವಸ್ಥೆಯ ಹದ ತಪ್ಪಬಹುದು. ಸಣ್ಣ ಸುಳಿವಿಗೂ ಅಮಿಗ್ಡಲಾ ಎಚ್ಚರಗೊಳ್ಳುತ್ತದೆ, ಹಣೆಯ ಹಿಂದಿನ ಸಮಾಧಾನದ ದನಿ ಕ್ಷೀಣಿಸುತ್ತದೆ. ನೆನಪಿಗೆ ಕಾಲ, ಸ್ಥಳದ ಗುರುತು ಹಾಕುವ ಹಿಪೊಕ್ಯಾಂಪಸ್ ಅತಿಯಾದ ಭಯದಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಹಾಗಾಗಿ ಆ ನೆನಪು ‘ಅಂದು, ಅಲ್ಲಿ ನಡೆದದ್ದು’ ಎಂಬಂತೆ ಕೂರದೆ ಒಂದು ವಾಸನೆಯಾಗಿ, ಸದ್ದಾಗಿ, ಹೊಟ್ಟೆ ಕಿವುಚುವ ಸಂಕಟವಾಗಿ ಉಳಿಯುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಾತ್ರೋರಾತ್ರಿ ಮನೆ ಬಿಟ್ಟು ಓಡಿದ ಒಬ್ಬರನ್ನು ಊಹಿಸಿಕೊಳ್ಳಿ. ಈಗ ಅವರು ಮೈಸೂರಿನಲ್ಲಿ ಗಟ್ಟಿ ಕಟ್ಟಡದ ಎರಡನೇ ಮಹಡಿಯಲ್ಲಿದ್ದಾರೆ. ರಾತ್ರಿ ಜೋರು ಮಳೆ ಸುರಿದರೆ ಕುಸಿಯಲು ಅಲ್ಲಿ ಗುಡ್ಡವಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಮೈ ಬೆವರುತ್ತದೆ, ಮಕ್ಕಳ ಮೇಲೆ ಕೂಗಾಡುತ್ತಾರೆ. ಗೊತ್ತಿರುವುದು ಒಂದು ದಾರಿಯಲ್ಲಿ, ಬೆವರು ಇನ್ನೊಂದು ದಾರಿಯಲ್ಲಿ ಬರುತ್ತಿದೆ. ಸಲಹಾರ್ಥಿಗೆ ಮುಟ್ಟಿಸಬೇಕಾದ ತಿರುಳು ಇಷ್ಟೇ.

ಬಾಯಿ ಕಟ್ಟಿಹೋಗುವುದಕ್ಕೂ ದೇಹದ ಕಾರಣವಿದೆ. 1996ರಲ್ಲಿ ಸ್ಕಾಟ್ ರೌಶ್ ಮತ್ತು ಸಂಗಡಿಗರು, ಪಿಟಿಎಸ್‌ಡಿ ಇದ್ದವರಿಗೆ ಅವರದೇ ಆಘಾತದ ವಿವರ ಕೇಳಿಸಿ ಮಿದುಳಿನ ಚಿತ್ರ ತೆಗೆದರು. ಮಾತಿಗೆ ಸಂಬಂಧಿಸಿದ ಬ್ರೋಕಾ ಭಾಗದ ಚಟುವಟಿಕೆ ಆ ಹೊತ್ತಿಗೆ ತಗ್ಗಿತ್ತು. ‘ನಡೆದದ್ದನ್ನು ಸರಿಯಾಗಿ ಯಾಕೆ ಹೇಳುತ್ತಿಲ್ಲ?’ ಎಂದು ಸಂತ್ರಸ್ತರನ್ನು ಪ್ರಶ್ನಿಸುವವರು ಇದನ್ನು ತಿಳಿದಿರಬೇಕು.

ಇದೆಲ್ಲ ಸರಳಗೊಳಿಸಿದ ಚಿತ್ರ. ಭಯಕ್ಕೆ ಒಂದು, ವಿವೇಕಕ್ಕೆ ಒಂದು ಎಂದು ಮಿದುಳಿನಲ್ಲಿ ಬೇರೆ ಬೇರೆ ಗುಂಡಿಗಳಿಲ್ಲ. ಹಾಗೆಂದು ಸಲಹಾರ್ಥಿಗೂ ಹೇಳಿ.

ಅಂಗೈಯಲ್ಲಿ ಮಿದುಳು

ಅಮೆರಿಕದ ಮನೋವೈದ್ಯ ಡೇನಿಯಲ್ ಸೀಗಲ್ ಜನಪ್ರಿಯಗೊಳಿಸಿದ ಒಂದು ವಿಧಾನಕ್ಕೆ ಚಾರ್ಟ್ ಬೇಡ, ಓದು ಬರಹವೂ ಬೇಡ. ಸಲಹಾರ್ಥಿಯೂ ನಿಮ್ಮ ಜೊತೆಗೇ ಮಾಡಲಿ.

ಅಂಗೈ ತೆರೆದು ಹೆಬ್ಬೆರಳನ್ನು ಒಳಕ್ಕೆ ಮಡಚಿ. ‘ಇದು ಅಪಾಯದ ಸುಳಿವು ಹಿಡಿಯುವ ಭಾಗ.’ ಅದರ ಮೇಲೆ ನಾಲ್ಕು ಬೆರಳು ಮುಚ್ಚಿ. ‘ಇದು ಯೋಚಿಸುವ, ತಡೆಯುವ ಭಾಗ. ಎರಡೂ ತಾಗಿಕೊಂಡಿದ್ದಾಗ ಸಿಟ್ಟು ಬಂದರೂ ನಾವು ನಿಭಾಯಿಸುತ್ತೇವೆ.’ ಈಗ ನಾಲ್ಕೂ ಬೆರಳನ್ನು ಫಟ್ಟನೆ ಮೇಲೆತ್ತಿ. ‘ಅತಿ ಭಯ, ಅತಿ ಸಿಟ್ಟು ಬಂದಾಗ ಹೀಗಾಗುತ್ತದೆ. ಮೇಲಿನದು ಕೆಳಗಿನದನ್ನು ಮುಟ್ಟುತ್ತಿಲ್ಲ. ಈ ಹೊತ್ತಿನಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಕೇಳಿಸುತ್ತದಾ?’

ಉತ್ತರ ಅವರಿಂದಲೇ ಬರಲಿ. ಆಮೇಲೆ ಕೇಳಿ: ‘ಹೋದ ವಾರ ನಿಮ್ಮ ಬೆರಳು ಯಾವಾಗ ಎದ್ದಿತ್ತು?’ ಮಕ್ಕಳಿಗೂ ಅಜ್ಜಿಯರಿಗೂ ಇದು ಹಿಡಿಸುತ್ತದೆ. ಮನೆಯಲ್ಲಿ ಗಂಡ ಹೆಂಡತಿ ‘ನನ್ನ ಬೆರಳು ಎದ್ದಿದೆ, ಹತ್ತು ನಿಮಿಷ ಬಿಡು’ ಎಂದು ಹೇಳಿಕೊಳ್ಳುವುದಕ್ಕೂ ಆಗುತ್ತದೆ.

ಎರಡು ಗೆರೆ, ಮೂರು ಪಟ್ಟಿ

ಸೀಗಲ್ 1999ರಲ್ಲಿ ಬರೆದ ಪುಸ್ತಕದಲ್ಲಿ ಇನ್ನೊಂದು ಕಲ್ಪನೆ ಕೊಟ್ಟರು. ಕನ್ನಡದಲ್ಲಿ ಅದನ್ನು ಸಹನೆಯ ವಲಯ ಎನ್ನಬಹುದು. ಒಂದು ಹಾಳೆಯ ಮೇಲೆ ಎರಡು ಅಡ್ಡಗೆರೆ ಎಳೆಯಿರಿ.

ನಡುವಿನ ಪಟ್ಟಿ: ದುಃಖ, ಸಿಟ್ಟು, ಭಯ ಇಲ್ಲಿಯೂ ಇರುತ್ತವೆ. ಆದರೆ ಯೋಚಿಸಲು, ಮಾತಾಡಲು, ಊಟ ಮಾಡಲು ಆಗುತ್ತದೆ.

ಮೇಲಿನ ಪಟ್ಟಿ: ಮೈ ಅತಿಯಾಗಿ ಎಚ್ಚರ. ಎದೆ ಡವಡವ, ಕೈ ನಡುಕ, ರೇಗಾಟ, ಓಡಿಹೋಗಬೇಕೆನಿಸುವುದು, ನಿದ್ದೆ ಹತ್ತದಿರುವುದು.

ಕೆಳಗಿನ ಪಟ್ಟಿ: ಮೈ ಮನಸ್ಸು ಎರಡೂ ಮಂಕು. ಕೈಕಾಲು ತಣ್ಣಗಾಗುವುದು, ಮಾತು ನಿಲ್ಲುವುದು, ‘ಏನೂ ಅನ್ನಿಸ್ತಿಲ್ಲ’, ‘ನಾನು ಇಲ್ಲೇ ಇಲ್ಲವೇನೋ’ ಅನ್ನಿಸುವುದು.

ಆಘಾತ ಉಂಡವರಲ್ಲಿ ನಡುವಿನ ಪಟ್ಟಿ ಕಿರಿದಾಗಿರುತ್ತದೆ. ಕುಕ್ಕರಿನ ಸೀಟಿಯೂ ಅವರನ್ನು ಮೇಲಕ್ಕೆ ದೂಡಬಹುದು, ಗಂಡಸಿನ ಏರುದನಿ ಕೆಳಕ್ಕೆ ತಳ್ಳಬಹುದು. ರೇಗುವವರೂ ಮರಗಟ್ಟುವವರೂ ಒಂದೇ ಹಾಳೆಯ ಮೇಲಿದ್ದಾರೆ ಎಂದು ಈ ಚಿತ್ರ ತೋರಿಸುತ್ತದೆ. ಒಬ್ಬರೇ ಬೆಳಿಗ್ಗೆ ಮೇಲೆ, ಸಂಜೆ ಕೆಳಗೆ ಇರುವುದೂ ಉಂಟು.

ಕಳೆದ ವಾರದ ಮೂರು ಘಟನೆಗಳನ್ನು ಈ ಹಾಳೆಯ ಮೇಲೆ ಗುರುತಿಸಲು ಹೇಳಿ. ಪಟ್ಟಿಗಳಿಗೆ ಅವರೇ ಹೆಸರಿಡಲಿ. ‘ತಲೆ ಜುಂ ಅನ್ನೋದು’, ‘ಎದೆ ಮೇಲೆ ಕಲ್ಲು’, ‘ಜೀವ ಬಾಯಿಗೆ ಬಂದದ್ದು’ ಮುಂತಾದ ಅವರ ಮಾತುಗಳಲ್ಲೇ ಮುಂದಿನ ಭೇಟಿಗಳಲ್ಲಿ ಮಾತಾಡಿ. ಪುಸ್ತಕದ ಪದಕ್ಕಿಂತ ಅವು ಬೇಗ ಕೆಲಸಕ್ಕೆ ಬರುತ್ತವೆ.

ಬಾಲ್ಯದಲ್ಲೇ ಆದದ್ದು ಏಕೆ ಬೇರೆ?

ಅಳುವ ಕೂಸು ತಾನಾಗಿ ಸಮಾಧಾನಗೊಳ್ಳಲಾರದು. ಎತ್ತಿಕೊಂಡವರ ಎದೆಬಡಿತ, ದನಿ, ತೂಗುವ ಲಯ ಅದನ್ನು ತಣಿಸುತ್ತವೆ. ಇದು ಸಾವಿರಾರು ಸಲ ನಡೆದು, ಮಗು ತನ್ನನ್ನು ತಾನು ಸಂತೈಸಿಕೊಳ್ಳಲು ಕಲಿಯುತ್ತದೆ. ಸಂತೈಸಬೇಕಾದವರೇ ಹೊಡೆಯುವವರಾದರೆ ಈ ಪಾಠ ನಡೆಯುವುದೇ ಇಲ್ಲ. ದೊಡ್ಡವರಾದ ಮೇಲೆ ಅಪಘಾತಕ್ಕೆ ಸಿಕ್ಕವರು ಕಲಿತ ಹತೋಟಿಯನ್ನು ಮರಳಿ ಪಡೆಯಬೇಕು. ಬಾಲ್ಯದಲ್ಲೇ ಹಿಂಸೆ ಉಂಡವರು ಅದನ್ನು ಮೊದಲ ಬಾರಿಗೆ ಕಲಿಯಬೇಕಾಗಬಹುದು. ಎರಡನೆಯವರಿಗೆ ಹೆಚ್ಚು ಸಮಯ ಹಿಡಿಯುತ್ತದೆ ಎಂದು ಮೊದಲೇ ತಿಳಿಸಿದರೆ ‘ನನ್ನ ಕೈಲಿ ಆಗಲ್ಲ’ ಎಂಬ ನಿರಾಸೆ ತಗ್ಗುತ್ತದೆ.

1998ರಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತಿತರರು ಪ್ರಕಟಿಸಿದ ಅಧ್ಯಯನವು ಬಾಲ್ಯದ ಕಹಿ ಅನುಭವಗಳ ಸಂಖ್ಯೆ ಹೆಚ್ಚಿದಂತೆ ದೊಡ್ಡವರಾದಾಗ ಖಿನ್ನತೆ, ಕುಡಿತ, ಹೃದ್ರೋಗಗಳ ಸಾಧ್ಯತೆಯೂ ಹೆಚ್ಚುವುದನ್ನು ತೋರಿಸಿತು. ಆದರೆ ಇದು ಜನಸಮೂಹದ ಲೆಕ್ಕ. ಒಬ್ಬ ವ್ಯಕ್ತಿಯ ಅಂಕ ಎಣಿಸಿ ಅವರ ಭವಿಷ್ಯ ಹೇಳಲು ಇದನ್ನು ಬಳಸಬಾರದು.

ಯಾವಾಗ, ಎಷ್ಟು ಹೇಳಬೇಕು?

ಸಲಹಾರ್ಥಿ ಅಳುತ್ತಿರುವಾಗ, ನಡುಗುತ್ತಿರುವಾಗ ಪಾಠ ಬೇಡ. ಮೊದಲು ಮೈ ನೆಲೆಗೆ ಬರಲಿ. ತಣ್ಣಗಿದ್ದಾಗ ಐದು ನಿಮಿಷ ಮೀರದಂತೆ ಹೇಳಿ, ಮುಂದಿನ ಭೇಟಿಯಲ್ಲಿ ಮತ್ತೆ ಹೇಳಿ. ಒತ್ತಡದಲ್ಲಿರುವವರಿಗೆ ಒಮ್ಮೆ ಕೇಳಿದ್ದು ನಿಲ್ಲುವುದಿಲ್ಲ.

ವಿವರಣೆಗೆ ಅವರ ಇಡೀ ಕಥೆ ಬೇಕಿಲ್ಲ. ‘ನಡೆದದ್ದನ್ನೆಲ್ಲ ಈಗಲೇ ಹೇಳಬೇಕಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಚೇತರಿಕೆಯ ಮೂರು ಹಂತ ಗುರುತಿಸಿದ್ದರು: ಸುರಕ್ಷತೆ, ನೆನಪಿಸಿಕೊಂಡು ಶೋಕಿಸುವುದು, ಬದುಕಿಗೆ ಮರಳಿ ಸೇರುವುದು. ಮೊದಲ ಹಂತಕ್ಕೆ ಕಾಲಿಡದವರನ್ನು ಎರಡನೆಯದಕ್ಕೆ ಎಳೆದರೆ ಹಾನಿಯಾದೀತು. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಭೇಟಿಯಲ್ಲಿ ಅನುಭವ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ.

ಕೊನೆಯಲ್ಲಿ ‘ಅರ್ಥವಾಯಿತಾ?’ ಎಂದು ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ‘ಇದನ್ನು ನಿಮ್ಮ ತಂಗಿಗೆ ಹೇಗೆ ಹೇಳ್ತೀರಿ?’ ಎಂದು ಕೇಳಿ. ಅವರ ಉತ್ತರದಲ್ಲಿ ನಿಮ್ಮ ವಿವರಣೆಯ ತಪ್ಪು ಒಪ್ಪು ಕಾಣುತ್ತದೆ.

ಸಲಹಾರ್ಥಿಗಳು ಕೇಳುವ ಪ್ರಶ್ನೆಗಳು

‘ನನಗೆ ತಲೆ ಕೆಟ್ಟಿದೆಯಾ?’
ಇಲ್ಲ. ಆಗ ನಿಮ್ಮ ಮೈ ನಿಮ್ಮನ್ನು ಉಳಿಸಿತು. ಆ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ಕಲಿತದ್ದನ್ನು ಬದಲಿಸಿಕೊಳ್ಳಬಹುದು.

‘ಇಪ್ಪತ್ತು ವರ್ಷದ ಹಿಂದಿನದು ಈಗ ಯಾಕೆ?’
ಮಗಳು ನಿಮ್ಮ ಅಂದಿನ ವಯಸ್ಸಿಗೆ ಬಂದಾಗ, ಹೆರಿಗೆಯ ನಂತರ, ಆಪ್ತರು ತೀರಿಕೊಂಡಾಗ ಹಳೆಯದು ಏಳಬಹುದು. ಬಿಡುವಿಲ್ಲದೆ ದುಡಿದವರಲ್ಲಿ ನಿವೃತ್ತಿಯ ನಂತರ ಕಾಣಿಸಿಕೊಳ್ಳುವುದೂ ಉಂಟು.

‘ಹಾಗಾದ್ರೆ ಸಿಟ್ಟಲ್ಲಿ ನಾನು ಹೊಡೆದದ್ದು ತಪ್ಪಲ್ವಾ?’
ತಪ್ಪೇ. ಸಿಟ್ಟು ಏಕೆ ಬಂತು ಎಂಬುದಕ್ಕೆ ಇದು ವಿವರಣೆ; ಕೈ ಎತ್ತಿದ್ದಕ್ಕೆ ಪರವಾನಗಿಯಲ್ಲ. ಮುಂದಿನ ಸಲ ಬೆರಳು ಏಳುವ ಮೊದಲೇ ಹೊರನಡೆಯುವುದನ್ನು ಕಲಿಯುವುದು ನಿಮ್ಮ ಹೊಣೆ.

‘ಧ್ಯಾನ ಮಾಡಿದ್ರೆ ಇನ್ನೂ ಭಯ ಆಗುತ್ತೆ. ನನ್ನದೇ ತಪ್ಪಾ?’
ತಪ್ಪಲ್ಲ. ಕಣ್ಣು ಮುಚ್ಚಿ ಉಸಿರು ಗಮನಿಸಿದಾಗ ಆಘಾತ ಉಂಡ ಕೆಲವರಲ್ಲಿ ಹಳೆಯ ನೆನಪು ನುಗ್ಗುತ್ತದೆ. ಕಣ್ಣು ತೆರೆದಿಡಿ, ನಡೆಯುತ್ತಾ ಪಾದಗಳನ್ನು ಗಮನಿಸಿ, ಎರಡು ನಿಮಿಷಕ್ಕೆ ನಿಲ್ಲಿಸಿ.

ಮೇಲಿದ್ದಾಗ ಒಂದು, ಕೆಳಗಿದ್ದಾಗ ಇನ್ನೊಂದು

ಎಲ್ಲ ಸ್ಥಿತಿಗೂ ‘ದೀರ್ಘವಾಗಿ ಉಸಿರಾಡಿ’ ಎಂಬ ಒಂದೇ ಸಲಹೆ ಸಾಲದು. ಹಾಳೆಯ ಮೇಲೆ ಎಲ್ಲಿದ್ದೀರಿ ಎಂದು ನೋಡಿ ಉಪಾಯ ಆರಿಸಬೇಕು.

ಮೇಲಿನ ಪಟ್ಟಿಯಲ್ಲಿದ್ದಾಗ: ಉಸಿರನ್ನು ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ ಬಿಡಿ. ಹೊರಹೋಗುವ ಉಸಿರು ಉದ್ದವಾದಾಗ ವೇಗಸ್ ನರದ ಮೂಲಕ ಎದೆಬಡಿತ ತಗ್ಗುತ್ತದೆ. ಮುಖಕ್ಕೆ ತಣ್ಣೀರು ಹಿಡಿದರೂ ಹೀಗೇ ಆಗುತ್ತದೆ; ಹೃದ್ರೋಗವಿರುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಗೋಡೆಯನ್ನು ಎರಡೂ ಕೈಯಿಂದ ಬಲವಾಗಿ ತಳ್ಳುವುದು, ಬಿರುಸಾಗಿ ನಡೆಯುವುದು ಏರಿದ ಕಾವಿಗೆ ದಾರಿ ಕೊಡುತ್ತವೆ.

ಕೆಳಗಿನ ಪಟ್ಟಿಯಲ್ಲಿದ್ದಾಗ: ಕಣ್ಣು ಮುಚ್ಚಿ ಮಲಗುವುದು ಇನ್ನಷ್ಟು ಕೆಳಕ್ಕೆ ಒಯ್ಯಬಹುದು. ಎದ್ದು ನಿಲ್ಲಿ, ಪಾದಗಳನ್ನು ನೆಲಕ್ಕೊತ್ತಿ, ನಿಂಬೆಹಣ್ಣೋ ಕಾಫಿ ಪುಡಿಯೋ ಮೂಸಿ, ಕಾಣುವ ಐದು ವಸ್ತುಗಳ ಹೆಸರನ್ನು ಜೋರಾಗಿ ಹೇಳಿ. ‘ಇಂದು ಮಂಗಳವಾರ, ನಾನು ನನ್ನ ಅಡುಗೆಮನೆಯಲ್ಲಿದ್ದೇನೆ’ ಎಂದು ಕಾಲ, ಸ್ಥಳ ನೆನಪಿಸಿಕೊಳ್ಳಿ.

ಎರಡಕ್ಕೂ: ಭಾವನೆಗೆ ಹೆಸರಿಡಿ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ ಮುಖಚಿತ್ರಗಳಲ್ಲಿನ ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿದ್ದು ಕಂಡಿತು. ‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ನಾವು ದುಃಖ, ಅವಮಾನ, ಒಂಟಿತನ, ದಣಿವು ಎಲ್ಲವನ್ನೂ ತುಂಬಿಬಿಡುತ್ತೇವೆ. ‘ಬೇಜಾರು ಅಂದ್ರೆ ಯಾವ ಬಗೆಯದು?’ ಎಂದು ಕೇಳುವುದೇ ಒಂದು ಅಭ್ಯಾಸ.

ಇವನ್ನೆಲ್ಲ ಮನಸ್ಸು ತಿಳಿಯಾಗಿರುವಾಗ ದಿನವೂ ಮಾಡಿ ರೂಢಿಸಿಕೊಳ್ಳಬೇಕು. ನಿದ್ದೆಗೆಟ್ಟ, ಹಸಿದ, ಕುಡಿದ ದಿನ ಸಹನೆಯ ವಲಯ ಇನ್ನಷ್ಟು ಕಿರಿದಾಗುತ್ತದೆ ಎಂಬುದನ್ನೂ ಗಮನಕ್ಕೆ ತನ್ನಿ.

ಎರಡು ಎಚ್ಚರಿಕೆ

ಮೊದಲನೆಯದು: ಅಪಾಯ ಇನ್ನೂ ನಡೆಯುತ್ತಿದ್ದರೆ ಭಯ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಪ್ರತಿ ರಾತ್ರಿ ಹೊಡೆತ ತಿನ್ನುವ ಹೆಂಗಸಿಗೆ ಉಸಿರಾಟ ಹೇಳಿಕೊಟ್ಟು ‘ಈಗ ನೀವು ಸುರಕ್ಷಿತ’ ಎನ್ನುವುದು ಸುಳ್ಳು, ಅನ್ಯಾಯ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ: ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112.

ಎರಡನೆಯದು: ಎಲ್ಲ ರೇಗಾಟದ ಹಿಂದೆಯೂ ಆಘಾತ ಹುಡುಕಬೇಡಿ. ಥೈರಾಯ್ಡ್ ತೊಂದರೆ, ಬೈಪೋಲಾರ್ ಕಾಯಿಲೆ, ಗಮನದ ಕೊರತೆಯ ಎಡಿಎಚ್‌ಡಿ, ಕುಡಿತದಿಂದಲೂ ಭಾವನೆಗಳು ಹದ ತಪ್ಪುತ್ತವೆ. ಎದೆನೋವು, ತಲೆಸುತ್ತು ಎನ್ನುವವರಿಗೆ ಮೊದಲು ದೇಹದ ತಪಾಸಣೆ ಆಗಲಿ. ‘ನಿಮಗೆ ನೆನಪಿಲ್ಲದ ಏನೋ ನಡೆದಿರಬೇಕು’ ಎಂದು ಕೆದಕುವುದಂತೂ ಕೂಡದು.

ಮನೆಯವರಿಗೆ

ಬೆರಳು ಎದ್ದಿರುವಾಗ ವಾದ ಬೇಡ, ಬುದ್ಧಿಮಾತು ಬೇಡ. ದನಿ ತಗ್ಗಿಸಿ, ಸ್ವಲ್ಪ ಅಂತರದಲ್ಲಿರಿ, ಕೇಳದೆ ಮುಟ್ಟಬೇಡಿ. ‘ಎಷ್ಟು ವರ್ಷ ಅದನ್ನೇ ಹಿಡ್ಕೊಂಡಿರ್ತೀಯ, ಮರೆತುಬಿಡು’ ಎಂಬ ಮಾತು ಎಷ್ಟೇ ಪ್ರೀತಿಯಿಂದ ಬಂದರೂ ಚುಚ್ಚುತ್ತದೆ. ‘ನಾನಿಲ್ಲೇ ಇದ್ದೀನಿ’ ಎಂದರೆ ಸಾಕು. ಮಾತೆಲ್ಲ ಮಾರನೆಯ ದಿನಕ್ಕಿರಲಿ. ಹೊಡೆತ ಬಡಿತವನ್ನು ಸಹಿಸಬೇಕೆಂದು ಇದರ ಅರ್ಥವಲ್ಲ. ಗಡಿ ಹಾಕುವುದು ಮನೆಯವರ ಹಕ್ಕು.

ಗುಣವಾಗುತ್ತಿದೆಯೆಂದು ತಿಳಿಯುವುದು ಹೇಗೆ?

ಸಿಟ್ಟು, ಭಯ ಬಾರದಂತಾಗಲಿ ಎಂದು ಸಲಹಾರ್ಥಿಗಳು ಬಯಸುತ್ತಾರೆ. ಆ ಗುರಿ ಯಾರಿಗೂ ಎಟುಕದು. ಬದಲಿಗೆ ಮೂರು ಸಂಗತಿ ಬರೆದಿಡಲು ಹೇಳಿ: ಭಾವನೆ ಏರುತ್ತಿರುವುದು ಎಷ್ಟು ಬೇಗ ಗೊತ್ತಾಯಿತು, ಎಷ್ಟು ಮೇಲೇರಿತು ಅಥವಾ ಕೆಳಗಿಳಿಯಿತು, ನಡುವಿನ ಪಟ್ಟಿಗೆ ಮರಳಲು ಎಷ್ಟು ಹೊತ್ತು ಹಿಡಿಯಿತು. ಎರಡು ದಿನ ಉಳಿಯುತ್ತಿದ್ದ ಕಾವು ಅರ್ಧ ದಿನಕ್ಕೆ ಇಳಿದರೆ ಅದು ದೊಡ್ಡ ಪ್ರಗತಿ.

ಇಷ್ಟಾದ ಮೇಲೂ ದುಃಸ್ವಪ್ನ, ಹಳೆಯ ದೃಶ್ಯಗಳ ಕಾಟ ಉಳಿದಿದ್ದರೆ ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಅರಿವು-ವರ್ತನಾ ಚಿಕಿತ್ಸೆ, ಫ್ರಾನ್ಸೀನ್ ಶಪಿರೊ ರೂಪಿಸಿದ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಮುಂತಾದವು ಇವೆ. ಅವನ್ನು ತರಬೇತಿ ಪಡೆದವರೇ ಮಾಡಬೇಕು. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ. ಅದನ್ನು ಮನೋವೈದ್ಯರು ನಿರ್ಧರಿಸಲಿ. ಮೆಡಿಕಲ್ ಅಂಗಡಿಯಿಂದ ತಾವಾಗಿ ನಿದ್ದೆಮಾತ್ರೆ ತರುವುದು ಬೇಡ.

ನೆರವು ಎಲ್ಲಿ?

ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಅಥವಾ 1800-891-4416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರ ಸೇವೆ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ಕಾಯಬೇಡಿ, ಈಗಲೇ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ನೀವು ಹೇಳಿದ್ದನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹಾಕಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕಾಯಿಲೆ ಏನು, ಕೊಡುವ ಚಿಕಿತ್ಸೆ ಯಾವುದು ಎಂಬ ಮಾಹಿತಿಯನ್ನು ತಮಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ಪಡೆಯುವ ಹಕ್ಕನ್ನೂ ಅದೇ ಕಾಯ್ದೆ ರೋಗಿಗೆ ಕೊಟ್ಟಿದೆ. ಆದ್ದರಿಂದ ‘ಇದೆಲ್ಲ ನಿಮಗೆ ತಿಳಿಯಲ್ಲ ಬಿಡಿ’ ಎನ್ನುವ ಚಿಕಿತ್ಸಕರು ಸಿಕ್ಕರೆ ಸುಮ್ಮನಾಗಬೇಡಿ. ನನಗೆ ಏನಾಗಿದೆ, ಹೀಗೇಕೆ ಆಗುತ್ತಿದೆ, ನೀವೇನು ಮಾಡಲಿದ್ದೀರಿ ಎಂಬ ಮೂರು ಪ್ರಶ್ನೆ ಕೇಳಿ, ಉತ್ತರ ತಿಳಿಯುವವರೆಗೆ ಮತ್ತೆ ಕೇಳಿ.